ಬೆನ್ನು ತೋರದ ಹಮ್ಮಣ್ಣ ಮಾಸ್ತರರು

ಹಮ್ಮಣ್ಣ ಮಾಸ್ತರರ ಬೆನ್ನನ್ನು ಕಂಡವರು ಕುಮಟೆಯಲ್ಲಿ ಯಾರೂ ಇರಲಿಲ್ಲ. ಅವರ ಕರಿ ಕೋಟಿಗೆ ದರ್ಜಿ ಬೆನ್ನಿನ ಬಟ್ಟೆಯನ್ನೇ ಹಾಕಿಲ್ಲವೆಂದೂ, ಉಳಿದುದರಲ್ಲಿ ತನ್ನ ಮಗನಿಗೆ ಚಡ್ಡಿ ಹೊಲಿದನೆಂದೂ ಪ್ರತೀತಿ. ಕರಿಹಲಗೆಯ ಮೇಲೆ ಬರೆಯುವಾಗ ಮಕ್ಕಳಿಗೆ ಬೆನ್ನು ತಿರುಗಿಸಬಾರದೆಂಬುದು ಶಿಕ್ಷಕರ ತರಬೇತಿಯ ಒಂದು ಸಣ್ಣ ನಿಯಮ. ಊರ ನಾಲ್ಕು ಜನ ಸೇರಿ ಕಟ್ಟಿದ, ಹೆಂಚಿನ ಮಾಡಿನ ಪುಟ್ಟ ತರಬೇತಿ ಕಾಲೇಜಿನಲ್ಲಿ ಅದನ್ನೇ ಕಲಿಸುತ್ತ ಕಲಿಸುತ್ತ ಮಾಸ್ತರರು ಪೇಟೆಯಲ್ಲೂ ಏಡಿಯಂತೆ ಅಡ್ಡಡ್ಡ ನಡೆಯತೊಡಗಿದ್ದರು. ಶಿಷ್ಯರೂ ಹಾಗೆಯೇ. ಶರಾವತಿಯ ಲಾಂಚಿನಿಂದ ಅಡ್ಡ ಇಳಿದವನನ್ನು ಕಂಡರೆ ಹೊನ್ನಾವರದವರು, "ಓ, ಕುಮಟೆಯಲ್ಲಿ ಕಲಿತ ಮಾಸ್ತರ" ಎನ್ನುತ್ತಿದ್ದರು. ಭಟ್ಕಳದ ಕಡೆ ಅಂಥವರಿಗಾಗಿಯೇ ಶಾಲೆಯೊಂದರ ಬಾಗಿಲನ್ನು ಅರ್ಧಕ್ಕೆ ಕಿರಿದುಮಾಡಿ ಮರ ಉಳಿಸಿದರಂತೆ.

"ಬೆನ್ನು ಕಂಡ್ರೆ ಮಕ್ಕಳು ಕೈಬಿಟ್ಟುಹೋದ್ರು ಅಂತ್ಲೇ ಲೆಕ್ಕ" ಎನ್ನುವುದು ಅವರ ನಿತ್ಯಮಂತ್ರ.

ಮಿರ್ಜಾನದಿಂದ ಕಲಿಯಲು ಬಂದ ಹೊನ್ನಮ್ಮನಿಗೆ ಮಾತ್ರ ಈ ವಿದ್ಯೆ ಒಲಿಯಲಿಲ್ಲ. ಅಡ್ಡ ನಿಂತು ಬರೆದರೆ ಅವಳ ಅಕ್ಷರಗಳು ಹಲಗೆ ದಾಟಿ ಗೋಡೆ ಹತ್ತುತ್ತಿದ್ದವು. ಕೊನೆಯ ಪರೀಕ್ಷಾಪಾಠದಲ್ಲಿ ಪಾಸಾದರೆ ಮಾಸ್ತರಿಕೆ. ನಪಾಸಾದರೆ ಅಕ್ಕನ ಮನೆಯಲ್ಲಿ ಮಕ್ಕಳನ್ನು ಆಡಿಸಿಕೊಂಡಿರಬೇಕೆಂದು ಅಪ್ಪ ಹೇಳಿಯಾಗಿತ್ತು.

ಧಾರವಾಡದಿಂದ ಬಂದ ಪರೀಕ್ಷಕರು ಕಡೆಯ ಬೆಂಚಿನಲ್ಲಿ ಮಾಸ್ತರರ ಪಕ್ಕ ಕುಳಿತರು. ಪಾಠ, ಅಘನಾಶಿನಿ ಹೊಳೆ. ಹೊನ್ನಮ್ಮ ಅಡ್ಡ ನಿಂತು ಎಳೆದ ಹೊಳೆ ಸಮುದ್ರವನ್ನು ಧಿಕ್ಕರಿಸಿ ತಿರುಗಿ ಘಟ್ಟ ಹತ್ತಿತು. ಮಕ್ಕಳು ಗೊಳ್ಳೆಂದರು. ಅವಳು ಅದನ್ನು ಅಳಿಸಿ, ಸೆರಗು ಸಿಕ್ಕಿಸಿ, ಇಡೀ ತರಗತಿಗೆ ಬೆನ್ನು ಮಾಡಿ ನಿಂತಳು.

"ಹೊಳೆ ನಾ ಬರೀತೆ, ದೋಣಿ ನೀವು ನಡೆಸಿ. ಈಗ ಯಾವ ಬದಿಗೆ?"

"ಎಡದ ಬದಿಗೆ ಅಕ್ಕೋರೆ!"

"ಥೋ, ಹಾಂಗೆ ಹೋದ್ರೆ ದೋಣಿ ನಮ್ಮ ಗದ್ದೆಗೆ ಹತ್ತೂದು!" ಎಂದು ಇನ್ನೊಬ್ಬ ಹುಡುಗ ಕೂಗಿದ.

ಪರೀಕ್ಷಕರು ಪೆನ್ನು ತೆರೆದರು. "ಬೆನ್ನು ತಿರುವ್ಯಾಳಲ್ರೀ ಮಾಸ್ತರ. ನಿಮ್ಮ ನಿಯಮ ಎಲ್ಲಿ ಹೋತು?"

ಮಾಸ್ತರರು ಕೋಟಿನ ಗುಂಡಿಯನ್ನು ಬಿಗಿಯಾಗಿ ಹಿಡಿದು ಮಕ್ಕಳತ್ತ ನೋಡಿದರು. ಒಬ್ಬರ ಕಣ್ಣೂ ಕಿಟಕಿಯಾಚೆ ಇರಲಿಲ್ಲ.

"ಬೆನ್ನು ಎಲ್ಲುಂಟು ಸಾಹೇಬ್ರೆ? ನಂಗೆ ಹೊಳೆ ಮಾತ್ರ ಕಾಣ್ತದೆ."

ಪರೀಕ್ಷಕರು ಹಲಗೆಯನ್ನೂ ಮಕ್ಕಳನ್ನೂ ಇನ್ನೊಮ್ಮೆ ನೋಡಿ, ಪಾಸು ಮಾಡಿದರು.

ಸಂಜೆ ಬಸ್ಸಿಗೆ ಹೊರಟ ಹೊನ್ನಮ್ಮನ ಹಿಂದೆ ನೆಟ್ಟಗೆ ನಡೆದುಹೋದ ಮಾಸ್ತರರ ಗುರುತು ಚಹಾದಂಗಡಿಯ ಚೌಡನಿಗೆ ಮೊದಲು ಹತ್ತಲೇ ಇಲ್ಲ.

"ಎಲಾ, ಕೋಟಿಗೆ ಬೆನ್ನುಂಟಲ್ಲ! ಎಂತ ಮಾಸ್ತರ್ರೆ, ಸೊಂಟ ಉಳುಕಿತಾ?"

"ಉಳುಕಿದ್ದು ಇವತ್ತು ಸಮ ಆತು ಮಾರಾಯ."

ಕಲಿಸುವವರಲ್ಲಿ ಇಂಥದೊಂದು ಕುಲವೇ ಉಂಟು: ಒಂದು ನಿಯಮವನ್ನು ಕಾಯುತ್ತ ಆಯುಷ್ಯವಿಡೀ ಅಡ್ಡ ನಡೆದು, ಅದನ್ನು ಮುರಿದು ಗೆದ್ದ ಶಿಷ್ಯೆಯ ಹಿಂದೆ ಮಾತ್ರ ನೆಟ್ಟಗೆ ನಡೆಯುವವರು.