ಮಂಜಯ್ಯನ ಇಪ್ಪತ್ತು ಸಾವಿರ ಹೆಜ್ಜೆ

ಸೋಣೆ ತಿಂಗಳ ಮಳೆ ಬಿಟ್ಟು ಬಿಟ್ಟು ಹೊಯ್ಯುತ್ತಿತ್ತು. ಚೌತಿ ಹತ್ತಿರ ಬಂದದ್ದರಿಂದ ಯಡ್ತರೆಯ ರಸ್ತೆ ಬದಿಯ ಕೋಣೆಯಲ್ಲಿ ಟೈಲರ್ ಮಂಜಯ್ಯ ಬೆಳಗಿನಿಂದ ಮಿಷನ್ ತುಳಿಯುತ್ತಿದ್ದ. ಏಳುವುದು ಊಟಕ್ಕೆ, ಇಲ್ಲವೇ ಸೂಜಿ ಮುರಿದಾಗ.

ಹೀಗೆ ಕೂತೂ ಕೂತೂ ಸಕ್ಕರೆ ಕಾಯಿಲೆ ಜೋರಾಗಿದೆ ಎಂದು ಡಾಕ್ಟರು ಗದರಿದ್ದರು. ಮಗಳು ಪ್ರಣೀತಾ ಅವನ ಫೋನಿಗೆ ಹೆಜ್ಜೆ ಎಣಿಸುವ ಆ್ಯಪ್ ಹಾಕಿಕೊಟ್ಟಳು. ಗಂಟೆಗೊಮ್ಮೆ ಅದು ಟಿಣ್ ಅಂದರೆ ಎದ್ದು ನಡೆಯಬೇಕು. ದಿನಕ್ಕೆ ಆರು ಸಾವಿರ ಹೆಜ್ಜೆ. ವಾರ ಪೂರ್ತಿ ನಡೆದರೆ ಭಾನುವಾರ ಒಂದು ತುಂಡು ಹಾಲುಬಾಯಿ ಎಂದಳು ಹೆಂಡತಿ ರತ್ನ. ನಾಲ್ಕು ತಿಂಗಳಿಂದ ಸಿಹಿಯ ಮುಖ ಕಾಣದ ಮಂಜಯ್ಯ ಕೂಡಲೇ ಒಪ್ಪಿದ.

ಮೊದಲ ದಿನ ನಾನೂರ ಹನ್ನೆರಡು ಹೆಜ್ಜೆ ಆಯಿತು. ಎರಡನೆಯ ದಿನ ಅವನು ಫೋನನ್ನು ಅಳತೆ ಟೇಪಿನಿಂದ ಕಣಕಾಲಿಗೆ ಬಿಗಿದುಕೊಂಡು ಮಿಷನ್ ತುಳಿದ. ಸಂಜೆಗೆ ಇಪ್ಪತ್ತು ಸಾವಿರ!

ನಾಲ್ಕು ದಿನ ರತ್ನ ಹಿಗ್ಗಿದಳು. ಶನಿವಾರ ಪ್ರಣೀತಾ ಹೆಜ್ಜೆಯನ್ನು ಕಿಲೋಮೀಟರಿಗೆ ತಿರುಗಿಸಿ ತೋರಿಸಿದ್ದೇ ತಾಯಿಯ ಮುಖ ಬಿಗಿಯಿತು.

“ಹ್ವಾಯ್, ದಿನಾ ಹದ್ನಾಲ್ಕ್ ಕಿಲೋಮೀಟ್ರ್! ಶಿರೂರಿಗ್ ಹೋಯಿ ಬಪ್ಪಷ್ಟ್ ಆಯ್ತ್. ಅಲ್ಲ್ ಯಾರ್ ಇದ್ರ್ ನಿಮ್ಗೆ?”

“ಎಂತ ಮಾರಾಯ್ತಿ! ಯಾರೂ ಇಲ್ಲೆ.”

“ಯಾರೂ ಇಲ್ದೆ ಈ ಮಳೆಯಗ್ ಯಾರಾರೂ ಅಷ್ಟ್ ನಡಿತ್ರಾ?”

ಹಾಲುಬಾಯಿ ಹೋದರೂ ಹೋಗಲಿ, ಮಾನ ಉಳಿಯಲಿ ಎಂದು ಮಂಜಯ್ಯ ಟೇಪು ತೆಗೆದು ಫೋನನ್ನು ಕಾಲಿಗೆ ಕಟ್ಟಿ ತೋರಿಸಿದ. ಪ್ರಣೀತಾ ನಕ್ಕು ನಕ್ಕು ನೆಲಕ್ಕೆ ಕೂತಳು. ರತ್ನ ಮಾತ್ರ ನಗಲಿಲ್ಲ.

“ಆರ್ ದಿನದ್ದ್ ಮೂವತ್ತಾರ್ ಸಾವ್ರ ಬಾಕಿ. ನಾಳೆಯಿಂದ ತೀರ್ಸಿ.”

ಭಾನುವಾರ ಅವನು ಹೊಲಿದಿಟ್ಟ ರವಿಕೆಗಳನ್ನು ಬಗಲಿಗೇರಿಸಿ ಮನೆಮನೆಗೆ ನಡೆದ. ಹೇಳಿದ ದಿನಕ್ಕೆ ಮೊದಲೇ ಟೈಲರನೇ ಬಾಗಿಲಿಗೆ ಬಂದದ್ದು ಕಂಡು ಮುದುಕಿ ಸೀತು, “ಯಾರ್ ತೀರ್ ಹೋದ್ರಾ ಮಂಜಯ್ಯ?” ಎಂದು ಎದೆ ಹಿಡಿದುಕೊಂಡಳು.

ಮಧ್ಯಾಹ್ನ ಏದುಸಿರು ಬಿಡುತ್ತಾ ಮನೆಗೆ ಬಂದವನು ಕಿಸೆ ತಡವಿದ. ಫೋನ್ ಕೋಣೆಯಲ್ಲೇ, ಮಿಷನ್ನಿನ ಮೇಲೆ ಉಳಿದಿತ್ತು. ಪ್ರಣೀತಾ ಓಡಿ ಹೋಗಿ ತಂದಳು. ಓಡಿದ ಅವಳದ್ದೇ ಇನ್ನೂರು ಹೆಜ್ಜೆ ಅದರಲ್ಲಿ!

ಮಂಜಯ್ಯನಿಗೆ ಅಳುವೇ ಬಂತು. ರತ್ನ ಫೋನ್ ನೋಡಲಿಲ್ಲ. ಅವನ ಹಿಮ್ಮಡಿಯ ಕೆಸರು ನೋಡಿದಳು, ಬೆನ್ನಿನ ತನಕ ಸಿಡಿದಿದ್ದ ರಾಡಿ ನೋಡಿದಳು. ಒಳಗೆ ಹೋಗಿ ಹೆಬ್ಬೆರಳಿನಷ್ಟು ಹಾಲುಬಾಯಿ ತಂದು ಅವನ ಅಂಗೈಗಿಟ್ಟಳು.

“ಉಳ್ದದ್ದ್?”

“ಮೂವತ್ ಸಾವ್ರ ಬಾಕಿ ಇತ್ತಲೆ,” ಎಂದು ಅವಳು ಡಬ್ಬಿಯ ಮುಚ್ಚಳ ಒತ್ತಿದಳು.