ಗುಡುಗು ಮೇಷ್ಟ್ರ ತುಟಿ

ಮೂವತ್ತೆಂಟು ವರ್ಷ ಲೆಕ್ಕ ಕಲಿಸಿದವನು ನಾನು. ಮಕ್ಕಳು ನನಗಿಟ್ಟಿದ್ದ ಹೆಸರು ಗುಡುಗು ಮೇಷ್ಟ್ರು. ಅದು ಕಿವಿಗೆ ಬಿದ್ದ ದಿನ ಮೇಲೆ ಸಿಟ್ಟು ತೋರಿಸಿದೆನೇ ಹೊರತು ಒಳಗೊಳಗೇ ಉಬ್ಬಿಹೋಗಿದ್ದೆ. ನಾನು ಹುಬ್ಬು ಗಂಟಿಕ್ಕಿ ಬಾಗಿಲಲ್ಲಿ ನಿಂತರೆ ಹಿಂದಿನ ಬೆಂಚಿನ ಪುಂಡರೂ ಬಾಲ ಮುದುರಿಕೊಳ್ಳುತ್ತಿದ್ದರು. ಹಾಗಾಗಿ ಮಗಳು ತನ್ನ ಪ್ರಯೋಗಕ್ಕೆ ಒಂದು ಕಲ್ಲಿನಂಥ ಮುಖ ಬೇಕು ಎಂದಾಗ, ಬೇರೆಯವರನ್ನು ಹುಡುಕುವ ಪ್ರಶ್ನೆಯೇ ಇಲ್ಲ ಎಂದೆ.

ಅವಳು ಡಾಕ್ಟರೇಟ್ ಮುಗಿಸಿ, ಅದರ ಮೇಲೆ ಇನ್ನೂ ಎರಡು ವರ್ಷದ ಸಂಶೋಧನೆ ಹಿಡಿದಿದ್ದಳು. ಓದಿದ್ದು ಸಾಲದೇನು ಎಂದು ಕೇಳಿದ್ದಕ್ಕೆ ತಟ್ಟೆ ಪಕ್ಕಕ್ಕೆ ಸರಿಸಿ ವಿವರಿಸಿದಳು. ಹೆದರಿಕೆಯಾದಾಗ ರಕ್ತದಲ್ಲಿ ಸಕ್ಕರೆ ಏರುತ್ತದಂತೆ. ಕೆಲವರ ಮೈ ಅದನ್ನು ಬೇಗ ಕರಗಿಸಿ ತಣ್ಣಗಾಗುತ್ತದೆ, ಕೆಲವರದ್ದು ಏರಿದ್ದು ಬೇಗ ಇಳಿಯುವುದಿಲ್ಲ. ಹಾಗೆ ಇಳಿಯದವರೇ ಆಮೇಲೆ ಸಣ್ಣಪುಟ್ಟದ್ದಕ್ಕೂ ಸಿಡುಕುತ್ತಾರೆಯೇ ಎಂಬುದು ಅವಳ ಪ್ರಶ್ನೆ. ನನ್ನನ್ನು ನೋಡಿಯೇ ಹುಟ್ಟಿದ ಪ್ರಶ್ನೆಯಂತಿತ್ತು. ಆದರೂ ಒಳ್ಳೆಯ ಪ್ರಶ್ನೆ ಎಂದು ಒಪ್ಪಿಕೊಂಡೆ.

ಒಟ್ಟು ನಲವತ್ತೆಂಟು ಜನ. ಒಬ್ಬೊಬ್ಬರನ್ನೇ ಸಣ್ಣ ಕೋಣೆಗೆ ಕರೆದು, ಬಿಳಿ ಕೋಟಿನ ಇಬ್ಬರು ಪರೀಕ್ಷಕರ ಎದುರು, ಕ್ಯಾಮೆರಾದ ಮುಂದೆ ನಿಲ್ಲಿಸುವುದು. ಬಂದವರು ಎರಡು ಸಾವಿರದ ಹನ್ನೊಂದರಿಂದ ಹದಿನೇಳು ಹದಿನೇಳಾಗಿ ಕಳೆಯುತ್ತ ಗಟ್ಟಿಯಾಗಿ ಹೇಳಬೇಕು. ತಪ್ಪಿದರೆ ಮತ್ತೆ ಮೊದಲಿನಿಂದ. ಪರೀಕ್ಷಕರು ನಗುವಂತಿಲ್ಲ, ತಲೆ ಆಡಿಸುವಂತಿಲ್ಲ. ಅದಾದ ಮೇಲೆ ಒಂದು ಗಂಟೆ, ಹದಿನೈದು ನಿಮಿಷಕ್ಕೊಮ್ಮೆ ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಲ್ಯಾಬಿನ ಫ್ರಿಜ್‌ನಲ್ಲಿಡುವುದು. ಕೊನೆಗೆ ಗೋಜಲಾದ ದಾರ ಕೊಟ್ಟು, ಅದನ್ನು ಬಿಡಿಸುವ ತಾಳ್ಮೆ ಎಷ್ಟು ಹೊತ್ತು ಉಳಿಯುತ್ತದೆಂದು ನೋಡುವುದು. ಪರೀಕ್ಷಕರಲ್ಲೊಬ್ಬರು ಕಾಲು ಮುರಿದುಕೊಂಡಿದ್ದರಿಂದ ಕೊನೆಯ ಹನ್ನೊಂದು ಜನರಿಗೆ ನಾನು ಕೂತೆ. ಒಮ್ಮೆಯೂ ನಗಲಿಲ್ಲ. ಸಂಜೆ ಮನೆಗೆ ಬಂದು ಹೆಂಡತಿಯ ಮುಂದೆ ಆ ಮುಖವನ್ನು ಮತ್ತೊಮ್ಮೆ ಮಾಡಿ ತೋರಿಸಿದ್ದೂ ಉಂಟು.

ಮೂರು ವಾರದ ನಂತರ ಮಗಳು ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟಳು. ಮೂವತ್ತೇಳು ಜನರ ಸಕ್ಕರೆ ಗೆರೆಗಳು ಗುಡ್ಡ ಹತ್ತಿದ್ದವು. ನನ್ನ ಹನ್ನೊಂದು ಚಾಪೆ ಹಾಸಿದಂತೆ ಸಪಾಟಾಗಿದ್ದವು. ಯಂತ್ರ ಕೆಟ್ಟಿರಬೇಕು ಎಂದೆ. ಅವಳು ವಿಡಿಯೊ ಹಾಕಿದಳು. ಎದುರಿನ ಹೆಂಗಸು ಸಾವಿರದ ಒಂಬೈನೂರ ಎಪ್ಪತ್ತೇಳಕ್ಕೆ ಬಂದು ತಡವರಿಸಿದಳು. ನನ್ನ ಮುಖ ಕಲ್ಲು. ಆದರೆ ಕೆಳಗೆ ತುಟಿ ಅಲ್ಲಾಡುತ್ತಿತ್ತು: ಸಾವಿರದ ಒಂಬೈನೂರ ಅರವತ್ತು. ಹೆಂಗಸು ನನ್ನ ಬಾಯಿ ನೋಡಿ ನಿರಾಳವಾಗಿ ಅದನ್ನೇ ಹೇಳಿದಳು. ಹನ್ನೊಂದು ಜನರದ್ದೂ ಇದೇ ಕತೆ.

"ಸ್ಕೂಲಲ್ಲೂ ನಿಮಗೆ ಯಾರೂ ಹೆದರ್ತಿರಲಿಲ್ಲ ಅಪ್ಪ," ಎಂದಳು. "ಬೋರ್ಡ್ ಹತ್ರ ಹೋಗಿ ತಡವರಿಸಿದ್ರೆ ಎಲ್ಲರೂ ನಿಮ್ಮ ಬಾಯಿ ನೋಡ್ತಿದ್ವಿ. ನಾನೂ ನೋಡ್ತಿದ್ದೆ."

ಮೂವತ್ತೆಂಟು ವರ್ಷದ ಗುಡುಗು ಒಂದೇ ಮಾತಿಗೆ ಠುಸ್ಸೆಂದಿತು. ಅಳುಕುತ್ತಲೇ, ಗೊತ್ತಿದ್ದೂ ನನ್ನನ್ನೇಕೆ ಕೂರಿಸಿದೆ ಎಂದೆ. ಮರೆತೇಬಿಟ್ಟಿದ್ದೆ, ತಪ್ಪು ನನ್ನದೇ ಎಂದಳು.

ಅವಳ ಅವಧಿಯಲ್ಲಿ ಉಳಿದಿದ್ದು ಒಂಬತ್ತು ವಾರ. ಸೋಮವಾರ ಅವಳ ಸಂಶೋಧನೆಗೆ ಹಣ ಕೊಡುವ ಸಮಿತಿಯ ಸಭೆ. ಅವಧಿ ವಿಸ್ತರಿಸದಿದ್ದರೆ ಎರಡು ವರ್ಷದ ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು. ನನ್ನಿಂದಾಗಿ ಹೀಗಾಯಿತಲ್ಲ ಎಂಬ ಸಂಕಟದಲ್ಲಿ, ಆಡಬಾರದ ಮಾತನ್ನು ಆಡಿದೆ: ಫ್ರಿಜ್ ಕೆಟ್ಟು ಹನ್ನೊಂದು ಜನರ ರಕ್ತದ ಮಾದರಿ ಹಾಳಾದವು ಎಂದು ಬರೆದುಬಿಡು, ಯಾರು ಬಂದು ನೋಡುತ್ತಾರೆ?

ಅವಳು ನನ್ನನ್ನೇ ದಿಟ್ಟಿಸಿದಳು. "ಉತ್ತರ ಸರಿ ಇದ್ರೂ ದಾರಿ ತಪ್ಪು ಅಂತ ನನಗೇ ಸೊನ್ನೆ ಕೊಟ್ಟವರು ನೀವು."

ಸಮಿತಿಯವರು ಏನಾದರೂ ಕೇಳಬಹುದೆಂದು ಸೋಮವಾರ ನನ್ನನ್ನೂ ಕರೆದುಕೊಂಡು ಹೋಗಿ ಕೊನೆಯ ಸಾಲಿನಲ್ಲಿ ಕೂರಿಸಿದಳು.

ಉದ್ದನೆಯ ಮೇಜಿನ ಆಚೆ ಐದು ಜನ. ಮಧ್ಯೆ ಕೂತ ಅಧ್ಯಕ್ಷರ ಮುಖ ನೋಡಿ, ಕಲ್ಲಿನ ಮುಖ ಎಂದರೆ ಇದಪ್ಪ ಎಂದುಕೊಂಡೆ. ಮಗಳು ಮೊದಲು ತೋರಿಸಿದ್ದು ಏರಿದ ಗೆರೆಗಳನ್ನಲ್ಲ, ಸಪಾಟಾದ ಹನ್ನೊಂದನ್ನು. ಆಮೇಲೆ ವಿಡಿಯೊ. ಪರೀಕ್ಷಕರು ನನ್ನ ತಂದೆ, ಅವರ ಅಭ್ಯಾಸ ನನಗೆ ಗೊತ್ತಿರಬೇಕಾಗಿತ್ತು, ಈ ಹನ್ನೊಂದು ಲೆಕ್ಕಕ್ಕಿಲ್ಲ ಎಂದಳು. ಇಷ್ಟೆಲ್ಲ ಹೇಳಿಕೊಳ್ಳುವ ಅಗತ್ಯವೇನಿತ್ತು ಎಂದು ಅಧ್ಯಕ್ಷರು ಕೇಳಿದರು.

"ನಾಳೆ ಇನ್ಯಾರೋ ಇದೇ ಪ್ರಯೋಗ ಮಾಡ್ತಾರೆ ಸರ್. ಅವರ ಕೋಣೇಲೂ ಇಂಥ ಮೇಷ್ಟ್ರೊಬ್ಬರು ಕೂತಿರಬಹುದು."

ಯಾರೋ ಕೆಮ್ಮಿದರು. ಅಧ್ಯಕ್ಷರು ಪೆನ್ನು ಕೆಳಗಿಟ್ಟು, ಹೊಸದಾಗಿ ಹನ್ನೊಂದು ಜನ, ವಾರಕ್ಕೆ ಇಬ್ಬರು, ಆಮೇಲೆ ಲ್ಯಾಬಿನ ಕೆಲಸ ಐದು ವಾರ, ಉಳಿದಿರುವ ಒಂಬತ್ತು ವಾರದಲ್ಲಿ ಮುಗಿಯುತ್ತದೆಯೇ ಎಂದರು. ಮಗಳು ಹಿಂದಕ್ಕೆ ತಿರುಗಿದಳು. ಅವಳ ಕಣ್ಣು ಸಾಲುಗಳನ್ನು ಹಾದು ನನ್ನ ಮೇಲೆ ನಿಂತಿತು. ಹೂಂ ಎಂದರೆ ಸದ್ಯಕ್ಕೆ ಕೆಲಸ ಉಳಿಯುತ್ತದೆ, ಇಲ್ಲವೆಂದರೆ ಇಲ್ಲೇ ನಿಲ್ಲಿಸಿಬಿಡಬಹುದು ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

"ಆಗಲ್ಲ ಸರ್. ಹನ್ನೊಂದು ವಾರ ಬೇಕು. ಎರಡು ವಾರ ಕಡಿಮೆ ಬೀಳುತ್ತೆ."

ನನ್ನ ಎದೆ ಉಬ್ಬಿತು. ನನ್ನ ಹೊಟ್ಟೆಯಲ್ಲಿ ಇಂಥ ಮಗಳು ಹುಟ್ಟಿದಳಲ್ಲ ಎಂದು ಎದ್ದು ನಿಂತು ಕೂಗಬೇಕೆನಿಸಿತು. ಅಧ್ಯಕ್ಷರು ಪಕ್ಕದವರ ಜೊತೆ ಏನೋ ಗುಸುಗುಸು ಮಾತಾಡಿ, ಗುಮಾಸ್ತರಿಗೆ ಮೂರು ತಿಂಗಳು ವಿಸ್ತರಣೆ ಎಂದು ಬರೆದುಕೊಳ್ಳಲು ಹೇಳಿದರು. ಪರೀಕ್ಷಕರನ್ನು ಮಾತ್ರ ಬದಲಾಯಿಸಬೇಕಂತೆ. ಅದನ್ನು ಹೇಳುವಾಗಲೂ ಅವರು ನಗಲಿಲ್ಲ. ಅವರನ್ನೇ ಕೂರಿಸಬಹುದಿತ್ತು.

ಹೊರಗೆ ಮೆಟ್ಟಿಲ ಮೇಲೆ ಮಗಳು ನನ್ನ ತೋಳು ಹಿಡಿದಳು.

"ಅಧ್ಯಕ್ಷರು ಲೆಕ್ಕ ಕೇಳಿದಾಗ ನಿಮ್ಮ ಬಾಯಿ ನೋಡಿದೆ ಅಪ್ಪ. ಅಲ್ಲಾಡ್ಲೇ ಇಲ್ಲ."

"ತಪ್ಪೋರಿಗೆ ತಾನೇ ಅದು ಅಲ್ಲಾಡೋದು," ಎಂದೆ.