ನಾಲ್ಕು ವೇಷಗಳು ಎದುರಾದದ್ದು

ನನ್ನ ಗಂಡ ಜಯರಾಮಪ್ಪನವರು ತೀರಿಕೊಂಡ ಎರಡು ತಿಂಗಳಿಗೆ, ಅವರ ನಾಟಕ ಮಂಡಳಿಯ ಸೊಣ್ಣಪ್ಪ ಬಂಗಾರಪೇಟೆಯ ನಮ್ಮ ಮನೆಗೆ ಬಂದ. ಯುಗಾದಿಗೆ ಆಂಡರ್ಸನ್‌ಪೇಟೆಯಲ್ಲಿ ಆಟ ಒಪ್ಪಿಕೊಂಡಿದ್ದ. ಅದು ಕೆಟ್ಟರೆ ಮಂಡಳಿ ಮುಚ್ಚಿಹೋಗುತ್ತದೆ ಎಂದ. ಹೂಂ ಎಂದೆ. ಆಗ ಎಲ್ಲದಕ್ಕೂ ಹೂಂ ಎನ್ನುತ್ತಿದ್ದೆ.

ನಮ್ಮವರು ಬೂದಿಕೋಟೆಯ ಊರ ನಾಟಕಗಳಲ್ಲಿ ಹೆಣ್ಣುವೇಷ ಹಾಕಿ ಶುರುಮಾಡಿದವರು. ಆಮೇಲೆ ಕುಡುಕ, ಪುರೋಹಿತ, ಪೊಲೀಸ್, ಎಲ್ಲ ಆದರು. ಬೇರೆಯವರ ಹಾಸ್ಯ ಬಾಯಿಗೆ ಹತ್ತುವುದಿಲ್ಲವೆಂದು ತಾವೇ ಬರೆಯತೊಡಗಿದರು. ಸುತ್ತಲಿನ ಚಿನ್ನದ ಗಣಿಯ ಜನಕ್ಕಾಗಿ ತಮಿಳು, ತೆಲುಗು ಬೆರೆಸಿ ಬರೆಯುತ್ತಿದ್ದರು. ಕೊನೆಯ ನಾಟಕ ರೈಲ್ವೆ ಸ್ಟೇಷನ್ನಿನದು. ಮದುವೆ ದಲ್ಲಾಳಿ, ಗಣಿ ಮೇಸ್ತ್ರಿ, ಟಿಕೆಟ್ ಕಲೆಕ್ಟರ್, ಕಿವುಡಜ್ಜಿ, ನಾಲ್ಕೂ ಅವರೇ. ಒಬ್ಬರು ಒಳಗೆ ಹೋಗದೆ ಇನ್ನೊಬ್ಬರು ಹೊರಗೆ ಬರುವಂತಿರಲಿಲ್ಲ. ಪರದೆಯ ಹಿಂದೆ ಸೀರೆ, ಕೋಟು ಹಿಡಿದು ನಾನು ನಿಲ್ಲುತ್ತಿದ್ದೆ. ಜನ ನಗುತ್ತಿದ್ದದ್ದು ಆ ಓಡಾಟಕ್ಕೇ.

“ನಮ್ ಮುನಿಶಾಮಿ ನಾಲ್ಕೂ ಮಾಡ್ತೀನಂತಾನೆ. ಬಂದು ನೋಡಿ, ಅತ್ತಿಗಮ್ಮ,” ಎಂದ ಸೊಣ್ಣಪ್ಪ.

“ಓಗಮ್ಮ,” ಎಂದರು ಅತ್ತೆ. “ಗೋಡೆ ನೋಡ್ಕೊಂಡು ಎಷ್ಟಂತ ಕುಂತಿರ್ತೀಯ.”

ಹೋದೆ. ಅಭ್ಯಾಸದಲ್ಲಿ ಮುನಿಶಾಮಿ ಅಜ್ಜಿಯ ಸೀರೆ ಉಟ್ಟು ಬಂದ. ಮೇಸ್ತ್ರಿಯ ಮೀಸೆ ಮುಖದ ಮೇಲೇ ಇತ್ತು.

“ಲೇ, ಅಜ್ಜಿಗೆ ಮೀಸೆ ಯಾವಾಗ ಬಂತ್ಲಾ?”

“ಅವಸ್ರದಾಗೆ ಮರ್ತೋಯ್ತು ಕಣಣ್ಣ.”

“ನಿಂಗೆ ಒಂದು ವೇಸಾನೇ ಜಾಸ್ತಿ.” ಸೊಣ್ಣಪ್ಪ ನನ್ನ ಕಡೆ ತಿರುಗಿದ. “ನಾಲ್ಕು ಜನಕ್ಕೆ ಅಂಚಬೋದು. ಆದ್ರೆ ಅವ್ರ ಪಾರ್ಟು ಒಡೆಯಾಕೆ ನಂಗೆ ಮನಸ್ಸು ಬರಲ್ಲ. ನೀವೇ ಏಳ್ಬೇಕು.”

ಹಂಚಿಬಿಟ್ಟರೆ ಅವರು ನಿಜವಾಗಿಯೂ ಇರುವುದಿಲ್ಲ ಎನ್ನಿಸಿತು. ಆದರೂ, “ಹಂಚಿ,” ಎಂದೆ.

ಹಂಚಿದರು. ಒಬ್ಬ ಹೋದ, ಇನ್ನೊಬ್ಬ ಬಂದ. ಯಾರಿಗೂ ನಗು ಬರಲಿಲ್ಲ. ಬೇರೆ ಬೇರೆ ಮನುಷ್ಯರು ಬೇರೆ ಬೇರೆಯಾಗಿ ಬರುವುದರಲ್ಲಿ ನಗುವುದೇನಿದೆ?

“ಉಪ್ಪಿಲ್ದ ಸಾರಾಯ್ತಲ್ಲ,” ಎಂದ ಸೊಣ್ಣಪ್ಪ.

ನಾಲ್ವರೂ ವೇಷದಲ್ಲೇ ಸುಸ್ತಾಗಿ ಸಾಲಾಗಿ ನಿಂತಿದ್ದರು. ಈ ನಾಲ್ವರನ್ನು ಒಟ್ಟಿಗೆ ನಾನು ಎಂದೂ ನೋಡಿರಲಿಲ್ಲ. ನೋಡಲು ಸಾಧ್ಯವೂ ಇರಲಿಲ್ಲ. ಒಂದು ಹಾಳೆ ಕೇಳಿದೆ. ಬಿ.ಎ. ಮುಗಿಸಿದ ಮೇಲೆ ಸ್ವಂತವಾಗಿ ಏನೂ ಬರೆದಿರಲಿಲ್ಲ.

ಸೊಣ್ಣಪ್ಪ ಓದಿದ: “ರೈಲು ತಡ. ನಾಲ್ವರೂ ಬರುತ್ತಾರೆ. ಬೆಂಚಿನಲ್ಲಿ ಮೂವರಿಗೆ ಜಾಗ.” ಹಾಳೆ ಮಗುಚಿ ನೋಡಿದ. “ಮಾತೆಲ್ಲಿ, ಅತ್ತಿಗಮ್ಮ?”

“ಮಾತು ಬೇಡ.”

ಯುಗಾದಿಯ ದಿನ ಬಯಲು ತುಂಬಿತ್ತು. ಪರದೆಯ ಹಿಂದೆ ನಿಂತೆ, ಹಿಡಿಯಲು ಬಟ್ಟೆ ಇರಲಿಲ್ಲ. ಮೊದಲ ಭಾಗ ತಣ್ಣಗೆ ಕಳೆಯಿತು. ಯಾರೋ ಶಿಳ್ಳೆ ಹೊಡೆದು ಗೇಲಿ ಮಾಡಿದರು.

ಆಮೇಲೆ ಬೆಂಚು ಬಂತು. ಮೇಸ್ತ್ರಿ ಈ ತುದಿಯಲ್ಲಿ ಕೂತರೆ ಆ ತುದಿಯಲ್ಲಿ ದಲ್ಲಾಳಿ ಜಾರಿಬಿದ್ದ. ಅವನು ಎದ್ದು ಬಂದು ಕೂತರೆ ಕಲೆಕ್ಟರ್ ಬಿದ್ದ. ಅಜ್ಜಿ ಮಾತ್ರ ನಡುವೆ ಅಲ್ಲಾಡದೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ಮುಂದೆ ಕೂತ ಹೆಂಗಸರಿಂದ ನಗು ಶುರುವಾಗಿ ಹಿಂದಿನವರೆಗೂ ಹೋಯಿತು. ನಮ್ಮವರು ಬರೆದಿರದ ನಗು. ನನಗೆ ನಗು ಬರಲಿಲ್ಲ, ಆದರೆ ಕೊನೆಯವರೆಗೂ ಕೇಳಿಸಿಕೊಂಡೆ.

ಮರುವಾರ ಮಾರಿಕುಪ್ಪದವರು ಆಟಕ್ಕೆ ಕರೆದರು. ಕರಪತ್ರದಲ್ಲಿ ನಾಟಕ ಬರೆದವರು ಯಾರೆಂದು ಹಾಕಿಸಲಿ ಎಂದು ಸೊಣ್ಣಪ್ಪ ಕೇಳಿದ.

“ಅವರ ಹೆಸರು ಹಾಕಿ,” ಎಂದೆ. ಅವನು ಬಾಗಿಲು ದಾಟುವಷ್ಟರಲ್ಲಿ ಮತ್ತೆ ಕರೆದೆ. “ಕೆಳಗೆ ನನ್ನದನ್ನೂ.”